ಮೇಣದ ಹಾಳೆ

ಡಾಕ್ಟರು ನಫೀಸಾ ಅಂಗೈಯಲ್ಲಿಟ್ಟು ತೋರಿಸಿದ್ದು
ಬಿಳಿಯದೊಂದು ತುಂಡು. ಬಾಗಿದ್ದು, ಹಗುರ,
ಮೈತುಂಬ ತೂತು.
"ಇದು ನಿಮ್ಮ ದವಡೆ," ಅಂದರು.
ಆಮೇಲೆ ತಿದ್ದಿಕೊಂಡರು: "ಅಂದರೆ, ಆಗಬೇಕಾದ್ದು."

ಕಿಟಕಿಯ ಬೆಳಕಿಗೆ ಹಿಡಿದೆ.
ತೂತಿನಾಚೆ ವಿರಾಜಪೇಟೆಯ ಗಡಿಯಾರ ಗೋಪುರ
ಚೂರುಚೂರಾಗಿ ನಿಂತಿತ್ತು.
ನಲವತ್ತು ವರ್ಷ ಜೇನು ಸಾಕಿದವನಿಗೆ
ಇದನ್ನು ಯಾರೂ ವಿವರಿಸಬೇಕಿಲ್ಲ.
ಆದರೂ ವಿವರಿಸಿದರು, ಕೇಳಿಸಿಕೊಂಡೆ.
ಬಾಯಿಲ್ಲದವನಿಗೆ ಕಿವಿ ಜಾಸ್ತಿ.

ಪೆಟ್ಟಿಗೆಯ ಚೌಕಟ್ಟಿಗೆ ನಾವೂ ಹೀಗೇ
ಮೇಣದ ಹಾಳೆಯೊಂದನ್ನು ಕಟ್ಟುತ್ತೇವೆ,
ಆರು ಮೂಲೆಯ ಅಚ್ಚಿನ ಗುರುತು ಮಾತ್ರ ಇದ್ದದ್ದು.
ಹುಳ ಬರುತ್ತದೆ, ಮುಟ್ಟಿ ನೋಡುತ್ತದೆ,
ಮನಸ್ಸಾದರೆ ಗೋಡೆ ಎಬ್ಬಿಸುತ್ತದೆ.
ಆಗದಿದ್ದರೆ ಹಾಳೆ ಹಾಳೆಯಾಗಿಯೇ ಉಳಿದು
ಪತಂಗದ ಮರಿಗೆ ಊಟ.
ಬಲವಂತ ನಡೆಯುವುದಿಲ್ಲ.

"ಸೊಂಟದ ಮೂಳೆಯಿಂದ ಒಂದಿಷ್ಟು ಮಜ್ಜೆ ತೆಗೆದು
ಇದರೊಳಗೆ ಬಿಡುತ್ತೇವೆ."
ಓ, ಕುಟುಂಬ ಪಾಲು ಮಾಡುವುದು!
ಹೇಳಬೇಕೆನಿಸಿತು. ತಲೆ ಆಡಿಸಿದೆ.

ಗಡ್ಡೆಯ ಜೊತೆಗೆ ಎಡದವಡೆ ಹೋದ ದಿನ
ಪ ಫ ಬ ಭ ಮ ಐದೂ ಹೋದವು.
ತುಟಿ ತುಟಿಯನ್ನು ಹುಡುಕಿ ಸಿಗದೆ
ಬರೀ ಗಾಳಿ.
ಭಾಗಮಂಡಲದವನು ನಾನು;
ಬಸ್ಸಿನಲ್ಲಿ ಊರಿನ ಹೆಸರು ಹೊರಡದೆ
ಚೀಟಿಯಲ್ಲಿ ಬರೆದು ಕೊಟ್ಟರೆ
ಕಿವುಡನೆಂದುಕೊಂಡು ಕಂಡಕ್ಟರು
ಉಳಿದ ಚಿಲ್ಲರೆಯನ್ನು ಕೂಗಿ ಕೂಗಿ ಎಣಿಸಿದ.

ಹೆಂಡತಿ ಬೊಳ್ಳಮ್ಮ.
ಹೆಸರಿನ ಮೊದಲಿಗೂ ತುಟಿ ಬೇಕು, ಕೊನೆಗೂ ತುಟಿ ಬೇಕು.
"ಒಳ್ಳ" ಎಂಬಷ್ಟು ನಡುವಿನ ತಿರುಳು ಮಾತ್ರ ಬರುತ್ತಿತ್ತು.
"ಮೂವತ್ತು ವರ್ಷಕ್ಕೆ ಒಂದು ಸಲ
ಒಳ್ಳೆಯವಳು ಅನ್ನಲು ಹೊರಟಿರಿ," ಅಂತ ನಕ್ಕಳು.
ಒಳಗೆ ಹೋಗಿ ತುಂಬ ಹೊತ್ತು ಪಾತ್ರೆ ತೊಳೆದಳು.

ಕೈಲ್‌ಪೊಳ್ದಿನ ದಿನ ಎಲ್ಲರ ತಟ್ಟೆಗೆ ಕಡಂಬುಟ್ಟು, ಪಂದಿ ಕರಿ.
ನನಗೆ ಗಂಜಿ, ನಳಿಗೆಯಲ್ಲಿ.
ಕೋವಿಗೆ ಹೂ ಮುಡಿಸುವ ಹೊತ್ತಿಗೆ
ನಾನು ಜೇನುಪೆಟ್ಟಿಗೆಗಳ ಹತ್ತಿರ ಹೋಗಿ ಕೂತೆ.
ಅಲ್ಲಿ ಯಾರೂ ಅಗಿಯುತ್ತಿರಲಿಲ್ಲ.

ಕೂರಿಸಿದ ಮೂರನೇ ತಿಂಗಳ ಎಕ್ಸ್‌ರೇಯಲ್ಲಿ ಏನೂ ಇಲ್ಲ.
ಐದನೇ ತಿಂಗಳಲ್ಲಿ ಅಂಚಿಗೆ ಚೂರು ಬಿಳುಪು.
ನಫೀಸಾ ಪೆನ್ನಿನ ತುದಿಯಿಂದ ತೋರಿಸಿದರು;
ನನಗೆ ಕಾಣಲಿಲ್ಲ, ಕಂಡಿತೆಂದು ತಲೆ ಆಡಿಸಿದೆ.
ಒಂದು ಮೂಲೆ ಹಿಡಿಯಲಿಲ್ಲ. ಕೀವು.
ಮತ್ತೆ ತೆರೆದರು, ಕೆರೆದರು, ಮತ್ತೆ ಮುಚ್ಚಿದರು.

ರೋಗ ಬಂದ ವರ್ಷ ನೆನಪಾಯಿತು.
ಅರವತ್ತು ಪೆಟ್ಟಿಗೆ. ಮರಿಗಳೆಲ್ಲ ಕಣದೊಳಗೇ
ನೀರು ತುಂಬಿದ ಚೀಲವಾಗಿ ಸತ್ತವು.
ಚೌಕಟ್ಟು ತೊಳೆದೆ, ಬಿಸಿಲಿಗಿಟ್ಟೆ,
ಖಾಲಿ ಪೆಟ್ಟಿಗೆಗಳ ನಡುವೆ ಎರಡು ವರ್ಷ
ಹುಚ್ಚನ ಹಾಗೆ ಓಡಾಡಿದೆ.
ಕಾಫಿ ಹೂ ಬಿಟ್ಟ ಒಂದು ಮಧ್ಯಾಹ್ನ
ಎಲ್ಲಿಯದೋ ಹಿಂಡು ಬಂದು ಏಳನೇ ಪೆಟ್ಟಿಗೆ ಹೊಕ್ಕಿತು.
ನಾನೇನೂ ಮಾಡಿರಲಿಲ್ಲ.
ಜಾಗ ಇಟ್ಟಿದ್ದೆ, ಅಷ್ಟೆ.

ಹದಿನಾಲ್ಕನೇ ತಿಂಗಳು. ಚಿತ್ರದಲ್ಲಿ
ಮೂಳೆ, ಮೂಳೆಯ ಹಾಗೆಯೇ.
"ಅಚ್ಚೆಲ್ಲಿ?" ಎಂದು ಬೆರಳಲ್ಲಿ ಕೇಳಿದೆ.
"ಕರಗುತ್ತಿದೆ. ಇನ್ನೊಂದು ವರ್ಷಕ್ಕೆ ಹುಡುಕಿದರೂ ಸಿಗುವುದಿಲ್ಲ."
ಒಳ್ಳೆಯ ರಟ್ಟಿನಲ್ಲೂ ಹಾಗೇ:
ಜೇನು ತುಂಬಿದ ಮೇಲೆ
ಯಾವುದು ನಾನು ಕಟ್ಟಿದ ಹಾಳೆ, ಯಾವುದು ಹುಳದ ಗೋಡೆ
ಬಿಡಿಸಿ ಹೇಳಿದವನಿಲ್ಲ.

ಈಗ ರೊಟ್ಟಿ ಮುರಿಯುತ್ತೇನೆ, ಬಲಗಡೆಯಿಂದ.
ಎಡಗಡೆಗೆ ಹಲ್ಲು ಬರಬೇಕು, ಅದಕ್ಕೆ ಬೇರೆ ಖರ್ಚು.
ಮೂಳೆ ಬಂತು, ನರ ಬಂದಿಲ್ಲ.
ಮನೆ ಎದ್ದು ನಿಂತಿದೆ,
ಅಲ್ಲಿಗೆ ಇನ್ನೂ ಅಂಚೆಯವನಿಲ್ಲ.

ನಿನ್ನೆ ಪೆಟ್ಟಿಗೆ ತೆರೆದು ಬಗ್ಗಿದ್ದೆ.
ಹೊಗೆ ಹಿಡಿದು ಪಕ್ಕ ನಿಂತವಳು
"ಅಯ್ಯೋ, ಗದ್ದಕ್ಕೆ ಕಚ್ಚಿತಲ್ಲ," ಅಂದಳು.
ಉಗುರಿನಿಂದ ಮುಳ್ಳು ಕಿತ್ತು
ಅಂಗೈಯಲ್ಲಿಟ್ಟು ತೋರಿಸಿದಳು. ಅದಿನ್ನೂ ಮಿಡಿಯುತ್ತಿತ್ತು.

"ಬೊಳ್ಳಮ್ಮ," ಅಂದೆ,
ಒಂದಕ್ಷರವೂ ಉದುರದೆ,
"ಎಲ್ಲಿ?"